ಫರಸಿಯ ಕೆಳಗಿನ ನಾಲ್ಕು ಬೆರಳು ಜಾಗ

ನನಗೊಂದು ಕೆಟ್ಟ ಚಟವಿದೆ. ಖುಷಿಯಾದಾಗ ಮಾತು ಕೊಟ್ಟುಬಿಡುತ್ತೇನೆ. ಆ ಮಾತು ಕೊಡುವ ಅಧಿಕಾರ ನನಗಿದೆಯೇ ಎಂದು ಯೋಚಿಸುವುದು ಆಮೇಲೆ. ಮನೆಯವರು ಇದನ್ನು ಹೇಳಿ ಹೇಳಿ ಬೇಸತ್ತು ಈಗ ಸುಮ್ಮನಾಗಿದ್ದಾರೆ. ಶಹಾಬಾದಿನಲ್ಲಿ ಕಲ್ಲಿನ ಮೇಲೆ ಅಕ್ಷರ ಕೆತ್ತುವ ಕಾಕಾಗೆ ನಾನು ಮಾತು ಕೊಟ್ಟದ್ದು ಹೀಗೆಯೇ, ಅವರು ಕೊಟ್ಟ ಚಹಾದ ಕಪ್ಪು ಇನ್ನೂ ಕೈಯಲ್ಲಿರುವಾಗ.

ನನ್ನ ಮನೆ ವಾಡಿಯಲ್ಲಿ. ನಾಲವಾರದ ಕಡೆಯ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪ್ರತಿ ವರ್ಷ ನವೆಂಬರ್ ಇಪ್ಪತ್ತಾರಕ್ಕೆ ಸಂವಿಧಾನದ ದಿನ ಬರುತ್ತದೆ. ನಾನು ಪೀಠಿಕೆಯನ್ನು ಒಂದೊಂದು ಸಾಲಾಗಿ ಓದುತ್ತೇನೆ, ಮಕ್ಕಳು ನನ್ನ ಹಿಂದೆ ಹೇಳುತ್ತಾರೆ, ಕೊನೆಯ ಸಾಲು ಮುಗಿಯುವ ಮೊದಲೇ ಅರ್ಧ ಮಂದಿಯ ಕಣ್ಣು ಚಾಕೊಲೇಟಿನ ಪೊಟ್ಟಣದ ಮೇಲಿರುತ್ತದೆ. ಅವರ ಮೇಲೆ ನನಗೆ ಸಿಟ್ಟಿಲ್ಲ. ಗಾಳಿಗೆ ಹೋಗುವ ಮಾತಿಗೆ ಅಷ್ಟೇ ಬೆಲೆ. ಹೋದ ವರ್ಷ ದಸರೆಯ ರಜೆಯಲ್ಲಿ ನನಗೆ ಹೊಳೆಯಿತು: ಈ ಪೀಠಿಕೆಯನ್ನು ಕಲ್ಲಿನಲ್ಲಿ ಕೆತ್ತಿಸಿ ಶಾಲೆಯ ಗೇಟಿನ ಪಕ್ಕ ನಿಲ್ಲಿಸಿದರೆ ಹೇಗೆ? ಕಲ್ಲಿಗೆ ನಮ್ಮ ಸೀಮೆಯಲ್ಲಿ ಬರವೇ? ನೆಲಕ್ಕೆ ಹಾಸುವುದೂ ಅದೇ, ಗೋಡೆ ಕಟ್ಟುವುದೂ ಅದೇ, ಕೆಲವು ಕಡೆ ಮಾಳಿಗೆಯ ಮೇಲೆ ಹೊದಿಸುವುದೂ ಅದೇ ಫರಸಿ ಚಪ್ಪಡಿ. ಹೆಡ್‌ಮಾಸ್ತರರು ಒಂದೇ ನಿಮಿಷದಲ್ಲಿ ಒಪ್ಪಿದರು. ಅವರು ಯಾವುದನ್ನೂ ಒಂದು ನಿಮಿಷದಲ್ಲಿ ಒಪ್ಪಿದವರಲ್ಲ. ಶಾಲೆಯಿರುವ ಹಳ್ಳಿಯ ಗಣಿ ಸಾಹುಕಾರರೊಬ್ಬರು ಆರಡಿ ಉದ್ದದ ಬೂದು ಬಣ್ಣದ ಒಂದು ಫರಸಿಯನ್ನು ಪುಕ್ಕಟೆ ಕೊಟ್ಟು, ತಮ್ಮ ಗಾಡಿಯಲ್ಲೇ ಶಹಾಬಾದಿಗೆ ಮುಟ್ಟಿಸಿದರು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಕಾಕಾ ಕೆಲಸ ಮಾಡುವುದು ರಸ್ತೆಯ ಪಕ್ಕ, ಬೇವಿನ ಮರದ ಕೆಳಗೆ. ಆಚೆಯ ಅಂಗಳದಲ್ಲಿ ಪಾಲಿಶ್ ಮಷೀನು ಕಿವಿ ಹರಿಯುವಂತೆ ಕೂಗುತ್ತಿರುತ್ತದೆ; ಇವರು ಮಾತ್ರ ಇನ್ನೂ ಉಳಿ ಸುತ್ತಿಗೆಯವರು. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟವರು, ಅಕ್ಷರ ಕಲಿತದ್ದೇ ಕೆತ್ತಿ ಕೆತ್ತಿ. ನಾನು ಪೀಠಿಕೆ ಬರೆದ ಹಾಳೆಯನ್ನು ಚಾಚಿದರೆ ಅದನ್ನು ನೋಡಲೇ ಇಲ್ಲ. ಫರಸಿಯ ಕೆಳಗಿನ ಅಂಚಿಗೆ ಅಡ್ಡಲಾಗಿ ನಾಲ್ಕು ಬೆರಳು ಇಟ್ಟು, ಅಲ್ಲೊಂದು ಸೀಮೆಸುಣ್ಣದ ಗೆರೆ ಎಳೆದರು.

"ಕೆಳಗ ಯಾರ ಹೆಸರು ಬರಿಲ್ರಿ ಅಕ್ಕೋರೆ?"

"ಯಾರದೂ ಇಲ್ಲ ಕಾಕಾ."

"ಹಂಗ ಹ್ಯಾಂಗ ಆಗ್ತದ್ರಿ? ಕಲ್ಲು ಅಂದ ಮ್ಯಾಲ ಕೆಳಗೊಂದು ಹೆಸರು ಇರ್ತದ. ಮೊದಲ ಅದರ ಜಾಗ ಹಿಡಿಬೇಕು, ಆಮ್ಯಾಲ ಉಳಿದಿದ್ದು."

ಅದು ಅವರ ಕೆಲಸದ ಪದ್ಧತಿ. ಗುಡಿಯ ಮೆಟ್ಟಿಲಿರಲಿ, ನೀರಿನ ಟಾಕಿಯಿರಲಿ, ಬಸ್ ನಿಲ್ದಾಣದ ಕಟ್ಟೆಯಿರಲಿ, ಮೊದಲು ಕೆಳಗಿನಿಂದ ನಾಲ್ಕು ಬೆರಳು ದಾನಿಗೆ. ದೇವರು, ಊರು, ತಿಥಿ ಎಲ್ಲ ಉಳಿದ ಜಾಗದಲ್ಲಿ ಹೊಂದಿಕೊಳ್ಳಬೇಕು. ಯಾಕೆ ಹೀಗೆ ಎಂದು ಕೇಳಿದೆ.

"ದೇವರ ಹೆಸರು ಸಣ್ಣದಾದ್ರ ಯಾರೂ ಜಗಳಕ್ಕ ಬರಂಗಿಲ್ರಿ. ದಾನಿ ಹೆಸರು ಸಣ್ಣದಾದ್ರ ಮುಂಜಾನೆದ್ದು ಬಾಗಲಿಗೆ ಬಂದು ನಿಂದಿರ್ತಾರ" ಎಂದರು.

ನಾನು ಹಾಳೆಯಲ್ಲಿದ್ದುದನ್ನು ಓದಿ ಹೇಳಿದೆ. ಭಾರತದ ಜನತೆಯಾದ ನಾವು ಎಂಬಲ್ಲಿಂದ ಶುರುವಾಗಿ, ನ್ಯಾಯ, ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವಗಳನ್ನು ದಾಟಿ, ನಮಗೆ ನಾವೇ ಅರ್ಪಿಸಿಕೊಂಡೆವು ಎಂಬಲ್ಲಿಗೆ ಬಂದು ನಿಂತೆ. ಕಾಕಾ ಉಳಿಯನ್ನು ಕೆಳಗಿಟ್ಟು ಕೇಳುತ್ತಿದ್ದರು.

"ಕೊಟ್ಟವರೂ ನಾವಾ, ಇಸ್ಕೊಂಡವರೂ ನಾವಾ?"

"ಹೌದ್ರಿ."

"ಇಂಥಾ ಕಲ್ಲು ನಾ ಇನ್ನಾ ಕೆತ್ತಿಲ್ಲ" ಎಂದು ನಕ್ಕರು.

ಆ ನಗುವಿಗೆ ನಾನು ಉಬ್ಬಿಹೋದೆ. ಕ್ಲಾಸಿನಲ್ಲಿ ಹೇಳುವುದನ್ನೆಲ್ಲ ಅಲ್ಲೇ ಹೇಳಲು ಶುರುಮಾಡಿದೆ. ದಿಲ್ಲಿಯಲ್ಲಿ ಹೆಚ್ಚು ಕಡಿಮೆ ಮೂರು ವರ್ಷ ಸಭೆ ನಡೆದದ್ದು, ಕರಡು ಪ್ರತಿಗೆ ಸಾವಿರಾರು ತಿದ್ದುಪಡಿಗಳು ಬಂದದ್ದು, ಒಂದೊಂದು ಪದಕ್ಕೂ ಎದ್ದು ನಿಂತು ವಾದ ಮಾಡಿದ್ದು. ಕೊನೆಗೆ ಆ ಮೂಲ ಪ್ರತಿ ಅಚ್ಚು ಹಾಕಿದ್ದಲ್ಲ, ಒಬ್ಬರು ಕೈಯಿಂದ ಬರೆದದ್ದು ಎಂದೂ ಹೇಳಿದೆ. ಬರೆದವರು ಕೂಲಿಯೇ ಬೇಡ, ಪುಟ ಪುಟದಲ್ಲೂ ನನ್ನ ಹೆಸರಿರಲಿ ಸಾಕು ಎಂದರಂತೆ.

ಕಾಕಾ ತಲೆ ಎತ್ತಿದರು. "ಬರೆದಾಂವನ ಹೆಸರು? ಬರೆಸಿದಾಂವನದಲ್ಲ?"

"ಬರೆದವರದೇ ಕಾಕಾ."

ಅವರು ತಮ್ಮ ನಾಲ್ಕು ಬೆರಳಿನ ಗೆರೆಯನ್ನು ಸ್ವಲ್ಪ ಹೊತ್ತು ನೋಡಿದರು. ಮೀಸೆ ಬರುವ ಮೊದಲಿಂದ ಇದೇ ಕೆಲಸ ಮಾಡಿದವರು. ಸೇಡಂ, ಚಿತ್ತಾಪುರ, ಚಿಂಚೋಳಿ ಎಂದು ಎಲ್ಲಿಯ ಗುಡಿಗೆ ಹೋದರೂ ಇವರ ಕೈಯ ಅಕ್ಷರ ಸಿಗುತ್ತದೆ, ಇವರ ಹೆಸರು ಸಿಗುವುದಿಲ್ಲ.

"ಹಂಗಿದ್ರ ಇದರ ಕೆಳಗ ನನ್ನ ಹೆಸರು ಬರ್ತದೇನ್ರಿ? ನನಗೂ ಕೂಲಿ ಬ್ಯಾಡ."

"ಯಾಕ ಬರಂಗಿಲ್ಲ ಕಾಕಾ? ಬಂದೇ ಬರ್ತದ. ನಾ ಇದ್ದೀನಲ್ಲ."

ನಾನು ಇದ್ದೆ, ನಿಜ. ಆದರೆ ನನ್ನನ್ನು ಕೇಳಿ ಆ ಊರಿನಲ್ಲಿ ಒಂದು ಬೆಂಚು ಕೂಡ ಅಲುಗುವುದಿಲ್ಲ. ಅದು ಆಗ ನೆನಪಾಗಲಿಲ್ಲ.

ಮುಂದಿನ ವಾರ ಶಾಲೆಯ ಕಮಿಟಿ ಕೂಡಿತು. ಕಲ್ಲು ಅಂದ ಮೇಲೆ ಕೆಳಗೊಂದು ಹೆಸರು ಇರುತ್ತದೆ ಎಂದು ಕಾಕಾ ಸುಮ್ಮನೆ ಹೇಳಿರಲಿಲ್ಲ. ಫರಸಿ ಕೊಟ್ಟ ಸಾಹುಕಾರರಿಗೆ ತಮ್ಮ ತಂದೆಯ ಸ್ಮರಣಾರ್ಥ ಎಂದು ಬರೆಸಬೇಕಿತ್ತು. ಪಂಚಾಯಿತಿಯ ಸದಸ್ಯರೊಬ್ಬರಿಗೆ ಅಧ್ಯಕ್ಷರಿಂದ ಹಿಡಿದು ಎಲ್ಲ ಸದಸ್ಯರ ಹೆಸರು ಬೇಕಿತ್ತು. ಹೆಡ್‌ಮಾಸ್ತರರು ಏನೂ ಕೇಳಲಿಲ್ಲ. ಸಭೆ ಮುಗಿದ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು, ಇಂಥ ಹೆಡ್‌ಮಾಸ್ತರರ ಕಾಲದಲ್ಲಿ ಎಂದು ಸಣ್ಣದಾಗಿ ಒಂದು ಸಾಲು ಇದ್ದರೆ ಕೆಟ್ಟದೇನಿಲ್ಲ ಎಂದರು. ಅವರು ಒಂದೇ ನಿಮಿಷದಲ್ಲಿ ಒಪ್ಪಿದ್ದರ ಗುಟ್ಟು ಆಗ ತಿಳಿಯಿತು. ಇವರದೆಲ್ಲ ಬರೆದರೆ ಪೀಠಿಕೆಯನ್ನು ಕಲ್ಲಿನ ಹಿಂಭಾಗಕ್ಕೆ ಕೆತ್ತಿಸಬೇಕಾಗುತ್ತಿತ್ತು.

ಎರಡನೆಯ ಸಲ ಕೂಡಿದಾಗಲೂ ಇದೇ ಜಗ್ಗಾಟ. ನನ್ನ ತಾಳ್ಮೆ ಮುಗಿದು ಎದ್ದು ನಿಂತೆ. ದಿಲ್ಲಿಯಲ್ಲಿ ಹೇಗೆ ಮಾಡಿದರೋ ಹಾಗೇ ಮಾಡೋಣ ಎಂದೆ. ಕಲ್ಲಿನ ಮೇಲೆ ಏನೇನು ಇರಬೇಕೆಂಬುದಕ್ಕೆ ಒಂದು ಕರಡು ಇರಲಿ. ಬದಲಾವಣೆ ಬೇಕಾದವರು ಚೀಟಿಯಲ್ಲಿ ಬರೆದು ಕೊಡಲಿ. ಊರೆಲ್ಲ ಕೂತು ಒಂದೊಂದನ್ನೇ ಚರ್ಚಿಸಿ ಕೈ ಎತ್ತಿಸೋಣ. ಅಲ್ಲಿ ಕರಡನ್ನು ಮೂರು ಸಲ ಸಭೆಯ ಮುಂದಿಟ್ಟು ಓದಿದ ಹಾಗೆ ಇಲ್ಲೂ ಮೂರು ಸುತ್ತು ಓದು ಆಗಲಿ.

ಕಮಿಟಿಯ ಹಿರಿಯರೆಂದರೆ ವಾಡಿ ಜಂಕ್ಷನ್ನಿನಲ್ಲಿ ಗಾರ್ಡ್ ಆಗಿ ನಿವೃತ್ತರಾದ ಒಬ್ಬರು. ಊರೆಲ್ಲ ಅವರನ್ನು ಗಾರ್ಡ್ ಸಾಹೇಬರು ಎನ್ನುತ್ತದೆ. ಅವರು ಕೇಳಿದರು, "ಅಕ್ಕೋರೆ, ಆ ಸಭಾದಾಗ ನಮ್ಮ ಕಡಿಂದ ಯಾರು ಕುಂತಿದ್ರು?"

ಯಾರೂ ಇಲ್ಲ ಎಂದೆ. ನಾವು ಆಗ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು. ನಮ್ಮ ಪಾಲಿನ ಕುರ್ಚಿಗಳು ಕೊನೆಯವರೆಗೆ ಖಾಲಿಯೇ ಉಳಿದವು. ಸಂವಿಧಾನ ಸಿದ್ಧವಾಗುವ ಹೊತ್ತಿಗೆ ಸಂಸ್ಥಾನದ ದೊರೆಯ ಒಂದು ಫರ್ಮಾನು ಹೊರಟು, ಇದು ನಮಗೂ ಒಪ್ಪಿಗೆ ಎಂದಿತು. ನಮ್ಮ ಅಜ್ಜ ಅಜ್ಜಿಯರು ಯಾರೂ ಅದರ ಒಂದು ಸಾಲಿಗೂ ಹೂಂ ಅಂದವರಲ್ಲ, ಉಹೂಂ ಅಂದವರೂ ಅಲ್ಲ. ಇದನ್ನು ಇಪ್ಪತ್ತು ವರ್ಷದಿಂದ ಕಲಿಸುತ್ತಿದ್ದೇನೆ. ಅವತ್ತು ಗಾರ್ಡ್ ಸಾಹೇಬರ ಮುಖ ನೋಡುತ್ತ ಹೇಳುವಾಗ ಮೊದಲ ಸಲ ನನಗೇ ಚುರುಕ್ ಎಂದಿತು.

"ಹಂಗಾದ್ರ ಈಗರ ನಮ್ಮನ್ನ ಕೇಳ್ರಿ" ಎಂದರು ಗಾರ್ಡ್ ಸಾಹೇಬರು. "ದಿಲ್ಲಿದು ಆಗಿ ಹೋಗ್ಯಾದ. ಕಲ್ಲಿಂದರ ಎಲ್ಲರೂ ಕೂಡಿ ಮಾಡಮಿ."

ಅವರೇ ಅಧ್ಯಕ್ಷರಾದರು. ನಾನು ಕಾರ್ಯದರ್ಶಿ. ನವೆಂಬರಿನ ಎರಡು ಭಾನುವಾರ ಶಾಲೆಯ ಅಂಗಳದಲ್ಲಿ ಸಭೆ ನಡೆದ ರೀತಿಯನ್ನು ಈಗಲೂ ಸಿಕ್ಕವರಿಗೆಲ್ಲ ಹೇಳುತ್ತಿರುತ್ತೇನೆ. ಮೊದಲ ಭಾನುವಾರ ಕರಡನ್ನು ಸುಮ್ಮನೆ ಓದಿ ಮನೆಗೆ ಹೋದೆವು. ಎರಡನೆಯ ಭಾನುವಾರದ ಹೊತ್ತಿಗೆ ಚೀಟಿಗಳು ಒಂದು ಬೋಗುಣಿ ತುಂಬಿದ್ದವು. ತೊಗರಿ ಹೊಲಕ್ಕೆ ಔಷಧಿ ಹೊಡೆಯಲು ಹೋಗಬೇಕಾದವರು ಪಂಪನ್ನು ಗೇಟಿಗೆ ಒರಗಿಸಿಟ್ಟು ಬಂದು ಕೂತಿದ್ದರು. ಕಲ್ಲನ್ನು ಮಕ್ಕಳ ಕಣ್ಣೆತ್ತರಕ್ಕೆ ನಿಲ್ಲಿಸಲಿ ಎಂದು ಒಬ್ಬರ ಸೂಚನೆ, ಪಾಸಾಯಿತು. ಕಲ್ಲಿನ ಮೇಲೆ ತಮ್ಮ ದೇವರ ಚಿತ್ರವಿರಲಿ ಎಂದು ಇನ್ನೊಬ್ಬರದು. ಯಾವ ದೇವರು ಎಂಬ ಪ್ರಶ್ನೆ ಬಂದೊಡನೆ ಅವರೇ ಹಿಂದೆ ತೆಗೆದುಕೊಂಡರು. ಮಾತಾಡಬೇಕಾದರೆ ಎದ್ದು ನಿಂತು ಅಧ್ಯಕ್ಷರ ಕಡೆ ಮುಖ ಮಾಡಬೇಕು ಎಂಬುದು ಗಾರ್ಡ್ ಸಾಹೇಬರ ನಿಯಮ. ಎದುರು ಬದುರು ಬಯ್ಯುವ ಅಭ್ಯಾಸದವರಿಗೆ ಇದರಿಂದ ಭಾರಿ ತೊಂದರೆಯಾಯಿತು. ಬೈಗುಳ ಗಾರ್ಡ್ ಸಾಹೇಬರ ಕಡೆ ತಿರುಗುವಷ್ಟರಲ್ಲಿ ಮೆತ್ತಗಾಗುತ್ತಿತ್ತು.

ಕೊನೆಗೆ ಹೆಸರಿನ ವಿಷಯ. ಸಾಹುಕಾರರು, ಪಂಚಾಯಿತಿಯವರು ತಮ್ಮ ತಮ್ಮ ಸೂಚನೆ ಮಂಡಿಸಿ ಕೂತರು. ಆಗ ನಮ್ಮ ಶಾಲೆಯ ಬಿಸಿಯೂಟದ ಅಡಿಗೆಯಾಕೆ ಎದ್ದು ನಿಂತಳು. ಚಿಂಚೋಳಿ ತಾಲೂಕಿನ ಕೊಡ್ಲಿ ಕಡೆಯ ಹೆಣ್ಣುಮಗಳು. ದಿನಾ ನಾನು ಅನ್ನ ಮುದ್ದೆಯಾಯಿತು ಎಂದು ಗೊಣಗಿದರೆ ಮಾತಿಗೆ ಮಾತು ಕೊಡದೆ ನಕ್ಕು ಹೋಗುವವಳು.

"ಸಾಹೇಬ್ರೆ, ಅದರಾಗ ಭಾರತದ ಜನತೆ ಅಂತ ಬರದಾರ. ಅದರಾಗ ನಾನೂ ಬಂದೆ. ಕೆಳಗ ನೀವು ಯಾರ ಹೆಸರರ ಬರೀರಿ, ಬರೆದ ಕೂಡ್ಲೆ ನನ್ನ ಹೆಸರು ಬಿಟ್ಟಂಗ ಆಗ್ತದ. ಅದಕ್ಕ ಯಾರದೂ ಬ್ಯಾಡ."

ಆಮೇಲೆ ಹೆಂಗಸರ ಕಡೆಯಿಂದ ಕೈಗಳು ಏಳತೊಡಗಿದವು, ಅವುಗಳನ್ನು ನೋಡಿ ಗಂಡಸರ ಕಡೆಯಿಂದಲೂ. ಸಾಹುಕಾರರು ಸುತ್ತಲೂ ನೋಡಿ, ಕಲ್ಲು ನಂದಲ್ಲೇನ್ರಿ ಎಂದು ಮೆಲ್ಲಗೆ ಅಂದು, ತಾವೂ ಅರ್ಧ ಕೈ ಎತ್ತಿದರು. ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಎರಡೂ ಕೈ ಎತ್ತಿದೆ, ಆಮೇಲೆ ಚಪ್ಪಾಳೆ ಹೊಡೆದೆ. ಇಪ್ಪತ್ತು ವರ್ಷ ಪಾಠ ಹೇಳಿ ನನಗೆ ಸಿಗದ ಅರ್ಥವನ್ನು ಆಕೆ ನಿಂತ ನಿಲುವಿನಲ್ಲಿ ಹೇಳಿದ್ದಳು.

ಠರಾವನ್ನು ಬರೆದುಕೊಳ್ಳಲು ಕೂತೆ. ಕಲ್ಲಿನ ಮೇಲೆ ಯಾರ ಹೆಸರೂ ಇರತಕ್ಕದ್ದಲ್ಲ ಎಂದು ಬರೆಯುತ್ತಿದ್ದಂತೆ, ಬೇವಿನ ಮರದ ಕೆಳಗಿನ ಕಾಕಾ ನೆನಪಾದರು. ಪೆನ್ನು ಅಲ್ಲೇ ನಿಂತಿತು. ಎದ್ದು ಹೇಳಬಹುದಿತ್ತು. ಅಷ್ಟೊಂದು ಚಪ್ಪಾಳೆಯ ನಡುವೆ ನನಗೆ ಬಾಯಿ ಬರಲಿಲ್ಲ. ನನ್ನ ಬಾಯಿ ಬೇಡವಾದಾಗ ಓಡುತ್ತದೆ, ಬೇಕಾದಾಗ ಕೂತುಬಿಡುತ್ತದೆ.

ಸೋಮವಾರ ಮಧ್ಯಾಹ್ನ ರಜೆ ಹಾಕಿ ವಾಡಿಯಿಂದ ಪ್ಯಾಸೆಂಜರ್ ಹಿಡಿದು ಶಹಾಬಾದಿಗೆ ಹೋದೆ. ಫರಸಿಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದರು. ಅಕ್ಷರಗಳೆಲ್ಲ ಮುಗಿದಿದ್ದವು. ಎಷ್ಟು ಚೆಂದ ಇದ್ದವೆಂದರೆ, ಬಂದ ಕೆಲಸ ಮರೆತು ಅಷ್ಟನ್ನೂ ಬೆರಳಿನಿಂದ ಮುಟ್ಟಿ ಮುಟ್ಟಿ ಓದಿದೆ. ಕೆಳಗೆ, ಬಿಟ್ಟ ಜಾಗದಲ್ಲಿ, ಸೀಮೆಸುಣ್ಣದಿಂದ ಬರೆದ ಒಂದು ಹೆಸರಿತ್ತು. ಕಾಕಾನದು, ಅವರ ತಂದೆಯದು, ಊರಿನದು. ಇನ್ನೂ ಉಳಿ ತಾಗಿಸಿರಲಿಲ್ಲ.

"ನೀವು ಬಂದು ನೋಡಿದ ಮ್ಯಾಲ ಕೆತ್ತಮಿ ಅಂತ ಬಿಟ್ಟೀನ್ರಿ. ಕುಂದ್ರಿ, ಚಹಾ ತರ್ತೀನಿ" ಎಂದರು.

ಚಹಾ ಬರುವ ಮೊದಲೇ ಹೇಳಿಬಿಟ್ಟೆ. ಅಡಿಗೆಯಾಕೆಯ ಮಾತನ್ನೂ ಹೇಳಿದೆ. ಕಾಕಾ ಕೇಳುತ್ತ ಕೇಳುತ್ತ ಸುತ್ತಿಗೆಯ ಹಿಡಿಯನ್ನು ಒರೆಸುತ್ತಿದ್ದರು.

"ನೀವೂ ಕೈ ಎತ್ತಿದ್ರೇನ್ರಿ ಅಕ್ಕೋರೆ?"

"ಎತ್ತಿದೆ ಕಾಕಾ. ನಿಮಗ ಮಾತು ಕೊಟ್ಟಿದ್ದು ಆಗ ನೆನಪಿದ್ದಿಲ್ಲ."

ಅವರು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಒದ್ದೆ ಬಟ್ಟೆಗಾಗಿ ಅತ್ತಿತ್ತ ನೋಡಿದರು. ಸೀಮೆಸುಣ್ಣವನ್ನು ಒರೆಸಲು ಹೊರಟಿದ್ದಾರೆಂದು ಗೊತ್ತಾಗಿ ನಾನು ಅಡ್ಡ ನಿಂತೆ.

"ಒರೆಸಬ್ಯಾಡ್ರಿ. ಇನ್ನೊಂದು ಓದು ಬಾಕಿ ಅದಾ. ಮೂರನೇದು. ನೀವೇ ಬರ್ರಿ. ನೀವೇ ತಿದ್ದುಪಡಿ ತರ್ರಿ. ನಾ ಎಲ್ಲರ ಮುಂದ ನನ್ನ ತಪ್ಪು ಒಪ್ಕೋತೀನಿ."

"ನಾ ಜನ್ಮದಾಗ ಸಭಾದಾಗ ನಿಂತು ಮಾತಾಡಿಲ್ರಿ."

"ಯಾರೂ ಮಾತಾಡಿದ್ದಿಲ್ಲ ಕಾಕಾ. ಈಗ ಊರಿಗೂರೇ ಮಾತಾಡಾಕತ್ತಾದ."

ಇಪ್ಪತ್ತೈದನೆಯ ತಾರೀಖು ನಾಲ್ಕು ಗಂಟೆಗೆ ಮೂರನೆಯ ಓದು. ಅಂಗಳದಲ್ಲಿ ಮೈಕು ಹಾಕಿಸಿದ್ದೆವು. ಟ್ರ್ಯಾಕ್ಟರ್ ಬಂತು; ಟ್ರಾಲಿಯಲ್ಲಿ ತೊಗರಿ ಹೊಟ್ಟಿನ ಮೇಲೆ ಮಲಗಿಸಿದ ಫರಸಿ, ಅದರ ಪಕ್ಕ ಒಗೆದ ಬಿಳಿ ಅಂಗಿ ತೊಟ್ಟ ಕಾಕಾ. ಮೊದಲು ನಾನೇ ಎದ್ದು, ಯಾರನ್ನೂ ಕೇಳದೆ ಕಾಕಾಗೆ ಮಾತು ಕೊಟ್ಟದ್ದನ್ನೂ, ಅದನ್ನು ಮರೆತು ಕೈ ಎತ್ತಿದ್ದನ್ನೂ ಹೇಳಿದೆ. ನನ್ನ ವಿದ್ಯಾರ್ಥಿಗಳು ಬಾಯಿ ತೆರೆದು ಕೇಳುತ್ತಿದ್ದರು. ಆಮೇಲೆ ಗಾರ್ಡ್ ಸಾಹೇಬರು ಕಾಕಾನನ್ನು ಕರೆದರು. ಪಂಚಾಯಿತಿಯ ಸದಸ್ಯರು ತಕರಾರು ತೆಗೆದು, ಇವರು ಶಹಾಬಾದಿನವರು, ಈ ಊರಿನವರಲ್ಲ ಎಂದರು.

"ಕಲ್ಲಿನ ಮ್ಯಾಲ ಏನು ಬರದಾರ ಓದ್ರಿ" ಎಂದರು ಗಾರ್ಡ್ ಸಾಹೇಬರು. "ಭಾರತದ ಜನತೆ. ನಮ್ಮೂರ ಜನತೆ ಅಂತ ಬರದಿಲ್ಲ. ಅವರ ಕೈನೂ ಎಣಿಸ್ತೀವಿ."

ಕಾಕಾ ಮೈಕಿನಿಂದ ಒಂದು ಮಾರು ದೂರ ನಿಂತರು. ಹತ್ತಿರ ಬರಲು ಹೇಳಿದರೂ ಬರಲಿಲ್ಲ. ಅಲ್ಲಿಂದಲೇ, ಮಷೀನಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಟ್ಟಿ ದನಿಯಲ್ಲಿ ಹೇಳಿದರು.

"ದಾನಿ ಹೆಸರು ಬ್ಯಾಡ ಅಂದದ್ದು ಚೊಲೊ ಆತು. ನಾ ದಾನ ಕೊಟ್ಟಾಂವ ಅಲ್ಲ, ಕೆಲಸ ಮಾಡಿದಾಂವ. ನಿಮ್ಮ ಗುಡಿ ಮೆಟ್ಟಿಲ ಮ್ಯಾಲ, ನೀರಿನ ಟಾಕಿ ಮ್ಯಾಲ ಇರೋ ಹೆಸರೆಲ್ಲ ನನ್ನ ಕೈಲೆ ಕೆತ್ತಿದ್ದು. ನಂದು ಎಲ್ಲೂ ಇಲ್ಲ. ಕೆಲಸ ಮಾಡಿದವರ ಹೆಸರು ಒಂದು ಕಡೀಗರ ಇರ್ಲಿ ಅಂತ ನನ್ನ ತಿದ್ದುಪಡಿ."

ಅಡಿಗೆಯಾಕೆ ಎದ್ದಳು, ಕೂತಳು, ಮತ್ತೆ ಎದ್ದಳು.

"ಕಾಕಾ ಅನ್ನೋದು ಖರೇ ಅದಾ. ಆದ್ರ ಕೆಲಸ ಮಾಡಿದವರು ಅಂದ್ರ ಗಣಿಯಾಗ ಈ ಕಲ್ಲು ಎಬ್ಬಿಸಿದವರು ಹಾರ, ಹೊತ್ತವರು ಹಾರ, ಈಗ ಟ್ರ್ಯಾಕ್ಟರ್ ಹೊಡಕೊಂಡು ಬಂದಾಂವ ಹಾನ. ಅವರು ಮಾತಾಡಾಕ ಬಂದಿಲ್ಲ ಅಂತ ಬಿಡಮೇನು?"

ಕಾಕಾ ಯೋಚಿಸಿದರು. "ಅದೂ ಖರೇನೆ" ಎಂದರು. ಹಾಗಾದರೆ ಸೂಚನೆಯನ್ನು ಹಿಂದೆ ತೆಗೆದುಕೊಳ್ಳುತ್ತೀರಾ ಎಂದು ಗಾರ್ಡ್ ಸಾಹೇಬರು ಕೇಳಿದರು. "ಇಲ್ರಿ. ಕೈ ಎತ್ತಿಸ್ರಿ" ಎಂದರು ಕಾಕಾ.

ಕಾಕಾನ ಪರ ನಾನು ಕೈ ಎತ್ತಿದೆ. ಹೆಡ್‌ಮಾಸ್ತರರು ಎತ್ತಿದರು. ಅಚ್ಚರಿಯೆಂದರೆ ಸಾಹುಕಾರರೂ ಎತ್ತಿದರು. ಕಾಕಾ ತಮ್ಮ ಬಲಗೈಯನ್ನು ಮೇಲಕ್ಕೆತ್ತಿ, ಎಣಿಕೆ ಮುಗಿಯುವವರೆಗೆ ಇಳಿಸಲಿಲ್ಲ. ಗಾರ್ಡ್ ಸಾಹೇಬರು ಎರಡು ಸಲ ಎಣಿಸಿದರು. ಎಂಟು ಕೈ ಕಡಿಮೆ ಬಿದ್ದವು.

ಗೆದ್ದ ಕಡೆಯವರೂ ಚಪ್ಪಾಳೆ ಹೊಡೆಯಲಿಲ್ಲ. ಕಾಕಾ ಟ್ರಾಲಿಯ ಹತ್ತಿರ ಹೋಗಿ, ಅಂಗೈ ಒದ್ದೆ ಮಾಡಿಕೊಂಡು, ಕಲ್ಲಿನ ಕೆಳಗಿದ್ದ ಸೀಮೆಸುಣ್ಣವನ್ನು ತಾವೇ ಒರೆಸಿದರು. ನಾನು ಅವರ ಹಿಂದೆ ಓಡಿದೆ. ತಪ್ಪಾಯಿತು ಕಾಕಾ ಎಂದೆ.

"ಯಾತರ ತಪ್ರಿ? ಇಷ್ಟು ವರ್ಷ ಯಾರೂ ನನ್ನ ಕೇಳಿದ್ದಿಲ್ಲ. ಕೇಳದೇ ಬಿಟ್ಟಿದ್ದು ಬ್ಯಾರೆ, ಕೇಳಿ ಬ್ಯಾಡ ಅಂದಿದ್ದು ಬ್ಯಾರೆ" ಎಂದರು. ಸೋತವರ ಮುಖ ಅದಾಗಿರಲಿಲ್ಲ. ಜೋರಾಗಿ ಕುಸ್ತಿ ಆಡಿ ಬಂದವರ ಹಾಗೆ ಅವರ ಕಣ್ಣು ಹೊಳೆಯುತ್ತಿದ್ದವು.

ನಾನು ನಡಾವಳಿ ಪುಸ್ತಕ ತೆರೆದು ಬರೆಯಲು ಕೂತೆ. ತಿದ್ದುಪಡಿ ಬಿದ್ದುಹೋಯಿತು ಎಂದು ಬರೆಯುವ ಮೊದಲು ಅದನ್ನು ತಂದವರ ಪೂರಾ ಹೆಸರು ಬೇಕು. ಕೇಳಿದೆ. ಕಾಕಾಗೆ ಅರ್ಥವಾಗಲಿಲ್ಲ.

"ಸೋತಾಂವನ ಹೆಸರೂ ಬರಿತಾರೇನ್ರಿ?"

"ಬರಿತಾರ ಕಾಕಾ. ದಿಲ್ಲಿಯೊಳಗೂ ಬರದಾರ. ಯಾರು ಏನು ಕೇಳಿದ್ರು, ಯಾರದು ಬಿದ್ದುಹೋತು, ಎಲ್ಲಾ ಅದಾ. ಈಗಲೂ ತೆಗೆದು ಓದಬಹುದು."

ಅವರು ಹೆಸರು ಹೇಳಿದರು, ತಂದೆಯ ಹೆಸರು, ಊರು. ಬರೆದೆ. ಕೊಟ್ಟ ಕಾರಣವನ್ನು ಅವರ ಮಾತಿನಲ್ಲೇ ಬರೆದೆ. ನಡಾವಳಿಯನ್ನು ಸಭೆಗೆ ಓದಿ ಒಪ್ಪಿಗೆ ಪಡೆಯಬೇಕೆಂಬುದು ನಿಯಮ. ಎದ್ದು ಮೈಕಿನಲ್ಲಿ ಓದಿದೆ. ಆ ಹೆಸರು ಅಂಗಳದ ಆಚೆ, ರಸ್ತೆಯವರೆಗೂ ಕೇಳಿಸಿತು. ಅಡಿಗೆಯಾಕೆ ಮೊದಲು ಚಪ್ಪಾಳೆ ಹೊಡೆದಳು, ಆಮೇಲೆ ಎಲ್ಲರೂ.

ಕಾಕಾ ಈ ಸಲ ಮೈಕಿನ ಹತ್ತಿರಕ್ಕೇ ಬಂದರು. "ಇನ್ನೊಮ್ಮೆ ಓದ್ರಿ ಅಕ್ಕೋರೆ" ಎಂದರು.

ಓದಿದೆ.